ಕಬ್ಬಿನ ಟ್ರೇಲರ್ ಬೇರಿಂಗ್: ಹೊಸದು ತರುವ ಮೊದಲು ಹಳೆಯದನ್ನು ನೋಡಿ

ದಸರಾ ಮುಗಿಯುತ್ತಿದ್ದಂತೆ ಮುಧೋಳ, ಜಮಖಂಡಿ, ಅಥಣಿ ಕಡೆಯ ಗ್ಯಾರೇಜುಗಳ ಮುಂದೆ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಕಬ್ಬು ನುರಿಸುವ ಹಂಗಾಮು ಶುರುವಾಗುವುದರೊಳಗೆ ಚಕ್ರ ಬಿಚ್ಚಿ ನೋಡಿಬಿಡುವ ಅವಸರ. ಎಲ್ಲರೂ ಕೇಳುವುದು ಒಂದೇ: “ಯಾವ ಕಂಪನಿದು ಹಾಕೋಣ್ರೀ?” ನಾನು ತಿರುಗಿ ಕೇಳುವುದು, ತೆಗೆದ ಹಳೇ ಬೇರಿಂಗ್ ಎಲ್ಲಿದೆ ಎಂದು. ಅದು ಗುಜರಿಗೆ ಹೋಗಿದ್ದರೆ, ಯಾಕೆ ಕೆಟ್ಟಿತು ಎಂಬುದಕ್ಕಿದ್ದ ಸಾಕ್ಷಿಯೂ ಹೋದಂತೆ.

ಹಳೆಯದನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಬಿಸಿಲಿಗೆ ಹಿಡಿಯಿರಿ. ರೋಲರ್‌ಗಳು ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗಿದ್ದರೆ ವಿಪರೀತ ಕಾದಿದೆ: ಆಕ್ಸಲ್ ತುದಿಯ ನಟ್ ಅತಿ ಬಿಗಿಯಾಗಿತ್ತು, ಇಲ್ಲವೇ ಗ್ರೀಸ್ ಒಣಗಿತ್ತು. ಹೊರರಿಂಗಿನೊಳಗೆ ರೋಲರ್‌ಗಳಷ್ಟೇ ಅಂತರದಲ್ಲಿ ಕಪ್ಪು ಗೆರೆಗಳಿದ್ದರೆ ಟ್ರೇಲರ್ ಮಳೆಗಾಲವಿಡೀ ಹೊಲದ ಬದುವಿನಲ್ಲಿ ಅಲುಗಾಡದೆ ನಿಂತಿತ್ತು, ನೀರು ಒಳಗಿಳಿದಿತ್ತು. ಟ್ರೇಲರ್‌ನಲ್ಲಿ ಒಳರಿಂಗ್ ತಿರುಗುವುದಿಲ್ಲ, ಆಕ್ಸಲ್ ಮೇಲೆ ಹಾಗೇ ಕೂತಿರುತ್ತದೆ. ಆದ್ದರಿಂದ ಅದರ ಕೆಳಭಾಗದಲ್ಲಷ್ಟೇ ಲೋಹ ಚಕ್ಕೆಚಕ್ಕೆಯಾಗಿ ಎದ್ದಿದ್ದರೆ ಅದು ಭಾರ ಹೊತ್ತು ದಣಿದ ಗುರುತು.

ಭಾರದ ಲೆಕ್ಕ ನಮ್ಮವರಿಗೆ ಸರಿಯಾಗಿ ತಿಳಿದಿಲ್ಲ. ಹೊರೆ ದುಪ್ಪಟ್ಟಾದರೆ ಬಾಳಿಕೆ ಅರ್ಧವಾಗುತ್ತದೆ ಎಂದುಕೊಂಡಿರುತ್ತಾರೆ. ರೋಲರ್ ಬೇರಿಂಗಿನ ಲೆಕ್ಕದಲ್ಲಿ ಅದು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೂವರೆ ಪಟ್ಟು ಹೇರಿದರೂ ಉಳಿಯುವುದು ಕಾಲುಭಾಗದಷ್ಟೇ. ಆರು ಟನ್ನಿನ ಟ್ರೇಲರ್‌ಗೆ ಒಂಬತ್ತು ಟನ್ ಹೇರಿ ಬೇರಿಂಗ್ ಕಂಪನಿಯನ್ನು ಬೈಯುವವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ. ಹೇರುವುದನ್ನು ಯಾರೂ ಬಿಡುವುದಿಲ್ಲ, ಅದು ಬೇರೆ ಮಾತು.

ಅಂಗಡಿಯಲ್ಲಿ ಬ್ರ್ಯಾಂಡ್‌ಗಿಂತ ಮೊದಲು ನಂಬರ್ ನೋಡಿ. ಉದಾಹರಣೆಗೆ 32213 ಎಂಬ ಟೇಪರ್ ರೋಲರ್ ಬೇರಿಂಗ್, ಅಂದರೆ ರೋಲರ್‌ಗಳು ಒಂದು ತುದಿಗೆ ಸಪೂರವಾಗಿರುವಂಥದ್ದು. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರ 65 ಮಿ.ಮೀ. ಹೊರವ್ಯಾಸ 120. “ಅದಿಲ್ಲ, ಸೇಮ್ ಸೈಜು ತಗೊಳ್ರಿ” ಎಂದು 30213 ಕೊಟ್ಟರೆ ಒಳಗೂ ಹೊರಗೂ ಅಳತೆ ನಿಜಕ್ಕೂ ಅದೇ. ಆದರೆ ದಪ್ಪ 32.75 ಇರಬೇಕಾದಲ್ಲಿ 24.75 ಮಿ.ಮೀ. ಮಾತ್ರ. ಎಂಟು ಮಿಲಿಮೀಟರ್ ಕಡಿಮೆ ಎಂದರೆ ರೋಲರ್ ಗಿಡ್ಡ, ತಾಳುವ ಭಾರ ಕಡಿಮೆ, ಹಬ್ (ಚಕ್ರದ ನಡುವಿನ ಗುಂಬ) ಕೂರುವ ಜಾಗವೂ ಸರಿದು ಸೀಲ್ ತನ್ನ ನೆಲೆ ಬಿಡುತ್ತದೆ. ಡಬ್ಬದ ಮೇಲಿನ ನಂಬರೂ ರಿಂಗಿನ ಮೇಲೆ ಕೊರೆದ ನಂಬರೂ ಒಂದೇ ಇರಬೇಕು. ಒಳರಿಂಗ್ ಮಾತ್ರ ಹೊಸದು ಹಾಕಿ ಹಳೇ ಹೊರರಿಂಗನ್ನು ಹಬ್‌ನಲ್ಲೇ ಉಳಿಸಿದರೆ ದುಡ್ಡು ದಂಡ. ಎರಡನ್ನೂ ಒಟ್ಟಿಗೇ ಬದಲಿಸಿ.

ಹೊರರಿಂಗ್ ಹಬ್‌ನಲ್ಲಿ ಸಡಿಲವಾಗಿದ್ದರೆ ಒಳಗೆ ಸುತ್ತಲೂ ಪಂಚ್ ಹೊಡೆದು ಕೂರಿಸುವುದುಂಟು. ಅದು ಒಂದೆರಡು ಟ್ರಿಪ್ಪಿನ ಉಪಾಯ, ಹಬ್ಬನ್ನೇ ಬದಲಿಸಬೇಕು. ಆಯಿಲ್ ಸೀಲನ್ನಂತೂ ಪ್ರತಿಸಲ ಹೊಸದೇ ಹಾಕಿ. ಸೀಲಿನ ತುಟಿ ಕೂರುವಲ್ಲಿ ಆಕ್ಸಲ್ ಮೇಲೆ ಉಗುರು ಸಿಕ್ಕುವಷ್ಟು ತೋಡು ಬಿದ್ದಿದ್ದರೆ ಹೊಸ ಸೀಲೂ ನೀರು ತಡೆಯುವುದಿಲ್ಲ.

ಗ್ರೀಸ್ ಲಿಥಿಯಂ ಇಪಿ (ಹೆಚ್ಚು ಒತ್ತಡ ತಾಳುವಂಥದ್ದು), ಗಟ್ಟಿತನದಲ್ಲಿ ಎರಡನೇ ನಂಬರಿನದು ಸಾಕು. ಅಂಗೈಯಲ್ಲಿ ಮುದ್ದೆ ಇಟ್ಟುಕೊಂಡು ಬೇರಿಂಗಿನ ಅಗಲ ಬದಿಯಿಂದ ಒತ್ತುತ್ತಾ, ಗ್ರೀಸ್ ಇನ್ನೊಂದು ಬದಿಯ ರೋಲರ್ ಸಂದಿಯಲ್ಲಿ ಹೊರಬರುವವರೆಗೆ ತುಂಬಿ. ಹಬ್‌ನೊಳಗಿನ ಖಾಲಿ ಜಾಗಕ್ಕೆ ಅರ್ಧಕ್ಕಿಂತ ಹೆಚ್ಚು ಬೇಡ ಎಂಬುದು ಹೆದ್ದಾರಿಯಲ್ಲಿ ಓಡುವ ಗಾಡಿಗಳ ನಿಯಮ. ಅಲ್ಲಿ ವೇಗಕ್ಕೆ ಗ್ರೀಸ್ ಕಡೆದು ಕಾಯುತ್ತದೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್‌ನಲ್ಲಿ ಕೆಸರು ತುಳಿಯುವ ಕಬ್ಬಿನ ಟ್ರೇಲರ್‌ಗೆ ಮುಕ್ಕಾಲು ತುಂಬಿದರೂ ತೊಂದರೆಯಿಲ್ಲ, ನೀರನ್ನಾದರೂ ಹೊರಗಿಡುತ್ತದೆ. ಹಳೇ ಗ್ರೀಸ್ ಮೇಲೆ ಬೇರೆ ಜಾತಿಯದನ್ನು ಮಾತ್ರ ಮೆತ್ತಬೇಡಿ. ಕೆಲವು ಜಾತಿ ಒಂದಕ್ಕೊಂದು ಸೇರಿದರೆ ನೀರಾಗಿ ಹರಿದುಹೋಗುತ್ತವೆ.

ಇಷ್ಟೆಲ್ಲ ಮಾಡಿ ನಟ್ ಹತ್ತಿರ ಕೆಡಿಸುವವರೇ ಹೆಚ್ಚು. ಉದ್ದ ಪೈಪ್ ಹಾಕಿ ಜಗ್ಗಿ ಬಿಗಿದರೆ ಚಕ್ರ ಭದ್ರ ಎಂಬ ನಂಬಿಕೆ. ಟೇಪರ್ ಬೇರಿಂಗಿಗೆ ಕೂದಲೆಳೆಯಷ್ಟು ಆಟ, ಅಂದರೆ ಅಲುಗುವ ಸಡಿಲು, ಬೇಕೇಬೇಕು, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಚಕ್ರವನ್ನು ಜಾಕ್ ಮೇಲೆ ಎತ್ತಿ, ಕೈಯಿಂದ ತಿರುಗಿಸುತ್ತಲೇ ನಟ್ ಬಿಗಿ ಮಾಡಿ. ರೋಲರ್‌ಗಳು ಜಾಗ ಹಿಡಿಯುತ್ತವೆ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಬರಿ ಬೆರಳಿನಿಂದ ಎಷ್ಟು ಬರುತ್ತದೋ ಅಷ್ಟೇ ತಿರುಗಿಸಿ. ನಟ್ ತಿರುಗದಂತೆ ತೂರಿಸುವ ಪಿನ್ನಿನ ತೂತು ಕೂಡದಿದ್ದರೆ ಮುಂದಕ್ಕಲ್ಲ, ಹಿಂದಕ್ಕೆ ಸರಿಸಿ. ಸ್ಪ್ಲಿಟ್ ಪಿನ್ ಹೊಸದಿರಲಿ, ಹಳೇ ಮೊಳೆ ಬಾಗಿಸಿ ತೂರಿಸಬೇಡಿ.

ಮೊದಲ ಲೋಡು ಕಾರ್ಖಾನೆ ಯಾರ್ಡ್ ಮುಟ್ಟಿದಾಗ ಹೇಗೂ ಸರದಿಯಲ್ಲಿ ನಿಲ್ಲಬೇಕು. ಆಗಲೇ ಎಲ್ಲ ಹಬ್‌ಗಳ ಮೇಲೂ ಒಮ್ಮೆ ಕೈಯಿಟ್ಟು ನೋಡಿ. ಉಗುರುಬೆಚ್ಚಗಿದ್ದರೆ ಸರಿ. ನಾಲ್ಕೆಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ, ಅಥವಾ ಉಳಿದವುಗಳಿಗಿಂತ ಒಂದೇ ಒಂದು ಹೆಚ್ಚು ಕಾದಿದ್ದರೆ, ಖಾಲಿಯಾದ ಕೂಡಲೇ ಆ ನಟ್ ಮತ್ತೆ ನೋಡಿ.

ಕೇಳುವವರು ಕಡಿಮೆಯಾದರೂ ಇನ್ನೊಂದು ಹೇಳಬೇಕು. ಹಂಗಾಮಿಗೆ ಮುಂಚೆ ಟ್ರೇಲರಿನ ಬಾಡಿ ವೆಲ್ಡಿಂಗ್ ಮಾಡಿಸುವಾಗ ಅರ್ಥಿಂಗ್ ಕ್ಲಾಂಪನ್ನು ಚಕ್ರದ ಡಿಸ್ಕಿಗೆ ಕಚ್ಚಿಸುತ್ತಾರೆ. ಕರೆಂಟು ಬೇರಿಂಗ್ ಮೂಲಕವೇ ಹಾದು ರೋಲರ್ ಮೇಲೆ ಸೂಜಿಮೊನೆಯಂಥ ಸುಟ್ಟ ಗುಳಿ ಬೀಳುತ್ತವೆ. ಕ್ಲಾಂಪ್ ಬೆಸುಗೆ ಹಾಕುವ ಪಟ್ಟಿಯ ಮೇಲೆಯೇ ಇರಲಿ. ಬೇರಿಂಗ್ ಬದಲಿಸುವುದೇ ಆದರೆ ವೆಲ್ಡಿಂಗ್ ಕೆಲಸ ಮುಗಿದ ಮೇಲೆ ಬದಲಿಸಿ.