ಕ್ಯಾಮೆರಾ ಬ್ಯಾಟರಿ, ಪವರ್ ಬ್ಯಾಂಕ್, ಡ್ರೋನ್: ವಿಮಾನದಲ್ಲಿ ಯಾವುದು ಯಾವ ಬ್ಯಾಗಿಗೆ?

ಪ್ರಶ್ನೆ: ಬೆಂಗಳೂರಿನಿಂದ ದುಬೈ ಮೂಲಕ ಮೊರಾಕ್ಕೊಗೆ ಹೊರಟಿದ್ದೇವೆ. ನನ್ನ ಹತ್ತಿರ ಮಿರರ್‌ಲೆಸ್ ಕ್ಯಾಮೆರಾ, ಎರಡು ಸ್ಪೇರ್ ಬ್ಯಾಟರಿ, ಒಂದು ಫ್ಲ್ಯಾಶ್, 20,000 ಎಂಎಎಚ್‌ನ ಪವರ್ ಬ್ಯಾಂಕ್ ಇವೆ. ತಮ್ಮ ತನ್ನ ಡ್ರೋನ್ ತರ್ತೀನಿ ಅಂತಿದ್ದಾನೆ. ಚೆಕ್-ಇನ್ ಬ್ಯಾಗಿಗೆ ಯಾವುದನ್ನು ಹಾಕಬಹುದು, ಜೊತೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ನಿಯಮ ಬದಲಾಗಿದೆ ಅಂತ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಸ್ಪೇರ್ ಬ್ಯಾಟರಿ ಕ್ಯಾಮೆರಾದ್ದಿರಲಿ, ಫ್ಲ್ಯಾಶಿನದಿರಲಿ, ಡ್ರೋನಿನದಿರಲಿ, ಅದು ನಿಮ್ಮ ಜೊತೆ ಕ್ಯಾಬಿನ್ನಿಗೇ ಬರಬೇಕು. ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಪವರ್ ಬ್ಯಾಂಕೂ ಅಷ್ಟೇ. ನಿಯಮದ ಪ್ರಕಾರ ಅದೂ ಒಂದು ಸ್ಪೇರ್ ಬ್ಯಾಟರಿಯೇ. ಟ್ರೈಪಾಡ್, ಚಾರ್ಜರ್, ಕೇಬಲ್ ಇವನ್ನೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಬ್ಯಾಗಿನ ತೂಕ 7 ಕೆಜಿ ಮೀರಬಾರದು ಅನ್ನೋ ಕಡೆ ಇದರಿಂದ ಎಷ್ಟೋ ಉಳಿಯುತ್ತದೆ.

ಈ ನಿಯಮ ಹೊಸದಲ್ಲ. ಹೊಸದಾಗಿ ಬಂದಿರೋದು ಏನಂದರೆ, ಕ್ಯಾಬಿನ್ ಒಳಗೆ ಎಲ್ಲಿಡಬೇಕು, ಅಲ್ಲಿ ಅದನ್ನು ಬಳಸಬಹುದಾ ಇಲ್ಲವಾ ಅನ್ನುವ ಮಾತು. ಅದಕ್ಕೆ ಬರುವ ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳೋಣ. ಬೆಂಕಿ ಹೊತ್ತಿಕೊಳ್ಳಬಹುದಾದ ವಸ್ತುವನ್ನು ಜನ ಕೂತಿರುವ ಜಾಗಕ್ಕೇ ಯಾಕೆ ತರಿಸುತ್ತಾರೆ? ಕೆಳಗೆ ಸರಕಿನ ಜೊತೆ ಇಡುವುದೇ ಒಳ್ಳೆಯದಲ್ವಾ?

ಇಲ್ಲ. ಲಿಥಿಯಂ ಬ್ಯಾಟರಿಯ ಬೆಂಕಿ ಬೇರೆ ಥರ. ಸೆಲ್ಲಿನ ಒಳಗೆ ಧನ, ಋಣ ಪದರಗಳ ನಡುವೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಪೆಟ್ಟು ಬಿದ್ದೋ, ತಯಾರಿಕೆಯ ದೋಷದಿಂದಲೋ ಆ ಪೊರೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಬಿಸಿ ಏರುತ್ತದೆ. ಆ ಬಿಸಿಗೆ ಒಳಗಿನ ರಾಸಾಯನಿಕಗಳು ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಇದನ್ನೇ ಥರ್ಮಲ್ ರನ್‌ಅವೇ ಅನ್ನುತ್ತಾರೆ. ಪೊಟ್ಟಣದಲ್ಲಿ ಒಂದು ಬೆಂಕಿಕಡ್ಡಿ ಹೊತ್ತಿದರೆ ಪಕ್ಕದವೂ ಹೊತ್ತಿಕೊಳ್ಳುವ ಹಾಗೆ, ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಹರಡುತ್ತದೆ. ಸರಕು ತುಂಬುವ ಜಾಗದಲ್ಲಿ ಬೆಂಕಿ ಆರಿಸಲು ಹ್ಯಾಲಾನ್ ಅನಿಲ ಬಿಡುವ ವ್ಯವಸ್ಥೆ ಇದೆ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಸೆಲ್ಲನ್ನು ತಣ್ಣಗೆ ಮಾಡುವುದಿಲ್ಲ. ಬಿಸಿ ಒಳಗೇ ಮುಂದುವರಿದು ಮತ್ತೆ ಹೊತ್ತಿಕೊಳ್ಳಬಹುದು. ಕ್ಯಾಬಿನ್ನಿನಲ್ಲಾದರೆ ಹೊಗೆ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಸಿಬ್ಬಂದಿ ಬಂದು ಬೆಂಕಿ ಆರಿಸಿ, ನೀರು ಸುರಿದು ತಣಿಸುತ್ತಾರೆ. ಆ ನೀರೇ ಮುಖ್ಯ.

ಸರಕಿನಲ್ಲಿ ಲಿಥಿಯಂ ಹೊತ್ತಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ದುಬೈಯದೇ ಉದಾಹರಣೆ ಇದೆ. 2010ರ ಸೆಪ್ಟೆಂಬರ್ 3ರಂದು ಅಲ್ಲಿಂದ ಹೊರಟ ಯುಪಿಎಸ್ ಸಂಸ್ಥೆಯ 747 ಸರಕು ವಿಮಾನದಲ್ಲಿ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲಿ ಶುರುವಾದ ಬೆಂಕಿ ಅದು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದನ್ನೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಲ್ಲಿಸಿತು.

ಈಗ ಹೊಸ ಸುದ್ದಿಗೆ ಬರೋಣ. 2025ರ ಜನವರಿ 28ರ ರಾತ್ರಿ ದಕ್ಷಿಣ ಕೊರಿಯಾದ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹಾಂಗ್‌ಕಾಂಗಿಗೆ ಹೊರಡಲು ನಿಂತಿತ್ತು. ಹಿಂಭಾಗದಲ್ಲಿ ತಲೆಯ ಮೇಲಿನ ಲಗೇಜ್ ಗೂಡಿನೊಳಗೆ ಬೆಂಕಿ ಕಾಣಿಸಿತು. ಒಳಗಿದ್ದ 176 ಜನರೂ ಜೀವಂತ ಹೊರಬಂದರು, ವಿಮಾನ ಮಾತ್ರ ಸುಟ್ಟುಹೋಯಿತು. ಒಂದು ಪವರ್ ಬ್ಯಾಂಕೇ ಕಾರಣ ಇರಬಹುದು ಎಂದು ತನಿಖೆ ಮಾಡಿದವರು ಹೇಳಿದರು. ಗೂಡಿನ ಬಾಗಿಲು ಮುಚ್ಚಿತ್ತು, ಮೇಲೆ ಬ್ಯಾಗುಗಳು. ಯಾರಿಗೂ ಬೇಗ ಗೊತ್ತಾಗುವ ಹಾಗಿರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನವೊಂದರಲ್ಲಿ ಆದದ್ದನ್ನು ಇದರ ಪಕ್ಕ ಇಟ್ಟು ನೋಡಿ. ವಿಮಾನ ಇನ್ನೂ ನೆಲದ ಮೇಲೇ ಚಲಿಸುತ್ತಿತ್ತು. ಸೀಟಿನ ಹಿಂದಿನ ಜೇಬಿನಲ್ಲಿದ್ದ ಪ್ರಯಾಣಿಕರ ಪವರ್ ಬ್ಯಾಂಕಿಗೆ ಬೆಂಕಿ ಹತ್ತಿತು. ಕಣ್ಣೆದುರೇ ಇತ್ತು, ಸಿಬ್ಬಂದಿ ತಕ್ಷಣ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಜಾಗದ ನಿಯಮ ಯಾಕೆ ಬಿಗಿಯಾಯಿತು ಅನ್ನೋದು ಇವೆರಡರ ನಡುವಿನ ವ್ಯತ್ಯಾಸದಲ್ಲೇ ಇದೆ.

ಬುಸಾನ್ ಘಟನೆಯ ನಂತರ ಕೊರಿಯಾ 2025ರ ಮಾರ್ಚ್ 1ರಿಂದ ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡಬಾರದು ಎಂದಿತು. ಥಾಯ್ ಏರ್‌ವೇಸ್, ಸಿಂಗಪುರ ಏರ್‌ಲೈನ್ಸ್ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದವು. ನೀವು ದುಬೈ ದಾರಿ ಹಿಡಿದಿರುವುದರಿಂದ ಎಮಿರೇಟ್ಸ್ ನಿಯಮ ನಿಮಗೆ ಮುಖ್ಯ ಆಗಬಹುದು. 2025ರ ಅಕ್ಟೋಬರ್ 1ರಿಂದ ಅಲ್ಲಿ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್. ಅದು 100 ವಾಟ್-ಅವರ್‌ಗಿಂತ (ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿಯ ಅಳತೆ ಇದು) ಕಡಿಮೆ ಇರಬೇಕು, ಸಾಮರ್ಥ್ಯ ಅದರ ಮೇಲೆ ಅಚ್ಚಾಗಿರಬೇಕು. ವಿಮಾನದಲ್ಲಿ ಅದರಿಂದ ಏನನ್ನೂ ಚಾರ್ಜ್ ಮಾಡುವ ಹಾಗಿಲ್ಲ, ಅದನ್ನೂ ಚಾರ್ಜ್ ಮಾಡುವ ಹಾಗಿಲ್ಲ. ಮುಂದಿನ ಸೀಟಿನ ಜೇಬಿನಲ್ಲೋ ಕೆಳಗೋ ಇಡಬೇಕು.

ಈ ವಾಟ್-ಅವರ್ ಲೆಕ್ಕ ಸುಲಭ. ಎಂಎಎಚ್ ಸಂಖ್ಯೆಯನ್ನು ವೋಲ್ಟೇಜಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಪವರ್ ಬ್ಯಾಂಕಿಗೆ ಸಾಮಾನ್ಯವಾಗಿ 3.7 ವೋಲ್ಟ್ ಹಿಡಿಯಬೇಕು. ಯುಎಸ್‌ಬಿಯ 5 ವೋಲ್ಟ್ ಹಿಡಿದರೆ ಲೆಕ್ಕ ತಪ್ಪುತ್ತದೆ. ನಿಮ್ಮ 20,000 ಎಂಎಎಚ್ ಅಂದರೆ 74 ವಾಟ್-ಅವರ್. ಏನೂ ತೊಂದರೆ ಇಲ್ಲ. 30,000 ಆದರೆ 111. ಸಾಮಾನ್ಯ ನಿಯಮದಲ್ಲಿ 100ರಿಂದ 160ರವರೆಗಿನ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದೂ ಎರಡಕ್ಕೆ ಮಾತ್ರ. 160 ದಾಟಿದರೆ ತರುವ ಹಾಗೇ ಇಲ್ಲ. ಕ್ಯಾಮೆರಾ ಬ್ಯಾಟರಿಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಸೋನಿಯ ಎನ್‌ಪಿ-ಎಫ್‌ಝಡ್100 ಕೇವಲ 16.4 ವಾಟ್-ಅವರ್. ಕ್ಯಾನನ್ನಿನ ಎಲ್‌ಪಿ-ಇ17 ಇನ್ನೂ ಚಿಕ್ಕದು, 7.5. ಡಿಜೆಐ ಮ್ಯಾವಿಕ್ 3 ಡ್ರೋನಿನ ದಪ್ಪ ಬ್ಯಾಟರಿ ಕೂಡ 77.

ಸಂಖ್ಯೆ ಕಡಿಮೆ ಅಂತ ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ. ಬ್ಯಾಟರಿಯ ತುದಿಯಲ್ಲಿರುವ ಲೋಹದ ಪಟ್ಟಿಗಳಿಗೆ ಬೀಗದ ಕೈಯೋ ಚಿಲ್ಲರೆ ನಾಣ್ಯವೋ ತಗುಲಿದರೆ ಶಾರ್ಟ್ ಆಗುತ್ತದೆ. ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಹಾಕಿ. ಕಳೆದುಹೋಗಿದ್ದರೆ ಆ ಜಾಗಕ್ಕೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಚಿಕ್ಕ ಚೀಲದಲ್ಲಿಡಿ. ಉಬ್ಬಿರುವ ಬ್ಯಾಟರಿ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಮನೆಯಿಂದ ಹೊರಗೆ ತರಲೇಬಾರದು.

ಹೀಗೆ ಮುಚ್ಚಿಟ್ಟ ಎಲ್ಲ ಬ್ಯಾಟರಿಗಳನ್ನೂ ಒಂದೇ ಪುಟ್ಟ ಪೌಚಿನಲ್ಲಿಟ್ಟು, ಅದನ್ನು ಕ್ಯಾಮೆರಾ ಬ್ಯಾಗಿನ ಮೇಲ್ಗಡೆ ಇಡಿ ಅನ್ನೋದು ನನ್ನ ಸಲಹೆ. ಎರಡು ಕಾರಣ ಇವೆ. ಸೆಕ್ಯುರಿಟಿ ತಪಾಸಣೆಯಲ್ಲಿ ಕ್ಯಾಮೆರಾ, ಪವರ್ ಬ್ಯಾಂಕ್ ಹೊರಗೆ ತೆಗೆದು ಟ್ರೇನಲ್ಲಿಡಿ ಅನ್ನುತ್ತಾರೆ, ಆಗ ಹುಡುಕಬೇಕಾಗುವುದಿಲ್ಲ. ಇನ್ನೊಂದು ಕಾರಣವನ್ನು ಎಷ್ಟೋ ಜನ ಯೋಚಿಸಿಯೇ ಇರುವುದಿಲ್ಲ. ವಿಮಾನ ತುಂಬಿದ್ದರೆ ಬಾಗಿಲ ಹತ್ತಿರವೇ ನಿಮ್ಮ ಕೈಬ್ಯಾಗ್ ತೆಗೆದುಕೊಂಡು ಕೆಳಗೆ ಕಳಿಸುತ್ತಾರೆ. ಚಿಕ್ಕ ಊರುಗಳಿಗೆ ಹೋಗುವ ಎಟಿಆರ್‌ನಂಥ ಪುಟ್ಟ ವಿಮಾನಗಳ ಗೂಡು ಚಿಕ್ಕದು, ದಪ್ಪ ಕ್ಯಾಮೆರಾ ಬ್ಯಾಗ್ ಅದರಲ್ಲಿ ಕೂರುವುದು ಕಷ್ಟ. ಬ್ಯಾಗ್ ಕೆಳಗೆ ಹೋದ ಕ್ಷಣದಿಂದ ಅದು ಚೆಕ್-ಇನ್ ಬ್ಯಾಗೇ. ಸಾಲಿನಲ್ಲಿ ನಿಂತು ತಡಕಾಡುವುದಕ್ಕಿಂತ ಪೌಚನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರೆ ಆಯಿತು. ಮೆಮೊರಿ ಕಾರ್ಡುಗಳನ್ನೂ ಅದರಲ್ಲೇ ಇಡಿ.

ಇಷ್ಟೆಲ್ಲ ನಿಯಮ ಬಂದ ಮೇಲೆ ದೊಡ್ಡ ಪವರ್ ಬ್ಯಾಂಕ್ ಬೇಕಾ? ನನ್ನ ಪ್ರಕಾರ ಫೋಟೊ ತೆಗೆಯುವವರಿಗೆ ಅದಕ್ಕಿಂತ ಇನ್ನೊಂದು ಸ್ಪೇರ್ ಬ್ಯಾಟರಿ ಮೇಲು. ಪವರ್ ಬ್ಯಾಂಕಿನ ಶಕ್ತಿಯಲ್ಲಿ ಒಂದಷ್ಟು ಬಿಸಿಯಾಗಿ ಪೋಲಾಗುತ್ತದೆ, ಚಾರ್ಜ್ ಆಗುವವರೆಗೆ ಕಾಯಲೂಬೇಕು. ಮರಾಕೇಶಿನ ಪೇಟೆಯಲ್ಲಿ ಸಂಜೆಯ ಬೆಳಕು ಹೋಗುತ್ತಿರುವಾಗ ಕಾಯುವವರು ಯಾರು? ಸ್ಪೇರ್ ಬ್ಯಾಟರಿ ಹಾಕಲು ಕೆಲವೇ ಕ್ಷಣ ಸಾಕು. ಫ್ಯೂಜಿಫಿಲ್ಮ್ ಎಕ್ಸ್100-6 ಕ್ಯಾಮೆರಾದ ಪುಟ್ಟ ಬ್ಯಾಟರಿ ಕಂಪನಿಯ ಲೆಕ್ಕದಲ್ಲೇ ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಸುಮಾರು 310 ಚಿತ್ರ ಕೊಡುತ್ತದೆ. ಅಂಥ ಮೂರು ಇದ್ದರೆ ಒಂದು ದಿನಕ್ಕೆ ಧಾರಾಳ.

ರಾತ್ರಿ ರೂಮಿನಲ್ಲಿ ಚಾರ್ಜ್ ಮಾಡುವ ಕೆಲಸವೂ ಈಗ ಹಗುರ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುವ ಡಿಜಿಟಲ್ ಕ್ಯಾಮೆರಾಗಳಿಗೂ ಯುಎಸ್‌ಬಿ-ಸಿ ಕಡ್ಡಾಯ. ಕಂಪನಿಗಳು ಆ ಒಂದು ಮಾರುಕಟ್ಟೆಗಾಗಿ ಬೇರೆ ಕ್ಯಾಮೆರಾ ಮಾಡುವುದಿಲ್ಲವಲ್ಲ, ಅದರ ಲಾಭ ನಮಗೂ ಬಂದಿದೆ. ಪ್ರವಾಸಿಗರಿಗೆ ಇಷ್ಟವಾದ ಓಎಂ-5 ಕ್ಯಾಮೆರಾದಲ್ಲಿ ಹಳೆಯ ಮೈಕ್ರೊ ಯುಎಸ್‌ಬಿ ಇತ್ತು. 2025ರಲ್ಲಿ ಬಂದ ಅದರ ಎರಡನೇ ಆವೃತ್ತಿಗೆ ಯುಎಸ್‌ಬಿ-ಸಿ ಸಿಕ್ಕಿತು. ಫೋನಿನ ಚಾರ್ಜರ್ ಒಂದೇ ಎರಡಕ್ಕೂ ಸಾಕು.

ಪವರ್ ಬ್ಯಾಂಕ್ ಬೇಕೇ ಬೇಕು ಅಂದರೆ ಗುಣಮಟ್ಟ ನೋಡಿ. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. 2025ರ ಜೂನ್‌ನಲ್ಲಿ ಆಂಕರ್ ಕಂಪನಿ ಅಮೆರಿಕದಲ್ಲಿ ತನ್ನ ಎ1263 ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ವಾಪಸ್ ಕರೆಸಿಕೊಂಡಿತು. ಅದೇ ತಿಂಗಳು ಚೀನಾದ ರೊಮಾಸ್ ಕೂಡ ಲಕ್ಷಗಟ್ಟಲೆ ವಾಪಸ್ ಪಡೆಯಿತು. ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ (ಅಲ್ಲಿನ ಸುರಕ್ಷತಾ ಪ್ರಮಾಣ) ಮುದ್ರೆ ಇಲ್ಲದ ಪವರ್ ಬ್ಯಾಂಕಿಗೆ ಪ್ರವೇಶವೇ ಇಲ್ಲ. ನಮ್ಮಲ್ಲಿ ಬಿಐಎಸ್ ಮುದ್ರೆ ಇರುವುದನ್ನೇ ಕೊಳ್ಳಿ. ಅಚ್ಚು ಅಳಿಸಿಹೋದ ಹಳೆಯದಿದ್ದರೆ ಬಿಟ್ಟುಬಿಡಿ. ಸಾಮರ್ಥ್ಯ ಓದಲಾಗದ ಪವರ್ ಬ್ಯಾಂಕನ್ನು ತಪಾಸಣೆಯವರು ತೆಗೆದಿಟ್ಟರೆ ವಾದಿಸಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ಇನ್ನು ಡ್ರೋನ್. ಬ್ಯಾಟರಿಯ ವಿಚಾರ ಮೇಲೆ ಹೇಳಿದ್ದೇ. ಚಾರ್ಜ್ ಕಡಿಮೆ ಇಟ್ಟು ಒಯ್ದರೆ ಇನ್ನೂ ಒಳ್ಳೆಯದು, ಏನಾದರೂ ಆದರೆ ಹೊರಬರುವ ಬಿಸಿಯೂ ಕಡಿಮೆ. ಆದರೆ ಮೊರಾಕ್ಕೊಗೆ ಡ್ರೋನ್ ಬೇಡವೇ ಬೇಡ. ಮೊದಲೇ ಅನುಮತಿ ಇಲ್ಲದೆ ತಂದರೆ ಕಸ್ಟಮ್ಸ್‌ನವರು ವಶಪಡಿಸಿಕೊಳ್ಳುತ್ತಾರೆ. ನನ್ನ ಡ್ರೋನ್ 250 ಗ್ರಾಂಗಿಂತ ಹಗುರ, ರಿಯಾಯಿತಿ ಕೊಡಿ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಈಜಿಪ್ಟಿನಲ್ಲೂ ಇದೇ ಕಥೆ.

ವಾಪಸ್ ಬರುವಾಗ ದುಬೈಯಲ್ಲಿ ಒಂದು ಡ್ರೋನ್ ಕೊಂಡು ತರೋಣ ಅನ್ನುವ ಯೋಚನೆ ಇದ್ದರೆ ಅದನ್ನೂ ಬಿಡಿ. ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಊರಿಗೆ ಬರುವಾಗ ಇದನ್ನು ಪದೇ ಪದೇ ಕೇಳುತ್ತಾರೆ. 2022ರ ಫೆಬ್ರವರಿ 9ರಿಂದ ಭಾರತಕ್ಕೆ ವಿದೇಶಿ ಡ್ರೋನ್ ತರುವುದಕ್ಕೆ ನಿಷೇಧ ಇದೆ. ಸಂಶೋಧನೆ, ರಕ್ಷಣೆಯಂಥ ಕೆಲಸಗಳಿಗೆ ಮಾತ್ರ ಅನುಮತಿಯ ಮೇಲೆ ವಿನಾಯಿತಿ. ಸುಂಕ ಕಟ್ಟಿ ಬಿಡಿಸಿಕೊಳ್ಳುತ್ತೇನೆ ಅನ್ನಲೂ ದಾರಿ ಇಲ್ಲ. ಡ್ರೋನ್ ಬೇಕೆಂದರೆ ಇಲ್ಲೇ ತಯಾರಾದದ್ದನ್ನು ಬಿಲ್ ಸಮೇತ ಕೊಳ್ಳಿ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಆ ಜಾಗ ಕೆಂಪು, ಹಳದಿ, ಹಸಿರು ಯಾವ ವಲಯದಲ್ಲಿದೆ ಅಂತ ನೋಡಿಕೊಳ್ಳಿ. ಹಂಪಿಯಂಥ ಸ್ಮಾರಕಗಳಲ್ಲಾದರೆ ಪುರಾತತ್ವ ಇಲಾಖೆಯ ಅನುಮತಿಯೂ ಕೈಯಲ್ಲಿರಬೇಕು.