ಆರೋಗ್ಯ ವಿಮೆ: ಕಾರ್ಡ್ ಸಿಕ್ಕರೂ ಯಾಕೆ ಬಳಸುವುದಿಲ್ಲ?

ಆರೋಗ್ಯ ವಿಮೆಗೆ ಜನ ಸೇರುವುದು, ಅದನ್ನು ಬಳಸುವುದು ಯಾವ ಅಂಶಗಳ ಮೇಲೆ ನಿಂತಿದೆ ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಆದಾಯ, ಓದು, ವಯಸ್ಸು ಅಂತ ಸಾಲಾಗಿ ಬರೆದು ಮುಗಿಸುವವರೇ ಜಾಸ್ತಿ. ಯೋಜನೆಗೆ ಸೇರುವುದು ಒಂದು, ಅದನ್ನು ಬಳಸುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ.

ಸೇರುವುದಕ್ಕೆ ದುಡ್ಡು ಕೊಡಬೇಕಾದ ಯೋಜನೆಗೆ ಕರ್ನಾಟಕದ ಯಶಸ್ವಿನಿ ಆರೋಗ್ಯ ವಿಮೆ ಒಳ್ಳೆಯ ಉದಾಹರಣೆ. 2003ರಲ್ಲಿ ಶುರುವಾಯಿತು, 2018ರಲ್ಲಿ ನಿಂತು ಮತ್ತೆ ಬಂತು. ಸಹಕಾರ ಸಂಘದ ಸದಸ್ಯತ್ವ ಇದ್ದವರಿಗೆ ಮಾತ್ರ ಇದು. ಇಳಕಲ್‌ನಲ್ಲಿ ನೇಕಾರರ ಸಂಘದಲ್ಲಿರುವ ಕುಟುಂಬ ಸೇರಬಹುದು. ಪಕ್ಕದ ಓಣಿಯಲ್ಲಿ ಯಾವ ಸಂಘವೂ ಇಲ್ಲದ ಕೂಲಿ ಕುಟುಂಬಕ್ಕೆ ದಾರಿ ಇಲ್ಲ. ಇಬ್ಬರ ಆದಾಯ ಒಂದೇ ಇರಬಹುದು, ಅಲ್ವಾ? ಇಂಥ ಯೋಜನೆಗಳಲ್ಲಿ ಇನ್ನೊಂದು ತೊಂದರೆ: ಆಪರೇಷನ್ ಬೇಕಾಗಬಹುದು ಅನ್ನುವವರೇ ಹೆಚ್ಚು ಸೇರುತ್ತಾರೆ. ಇದಕ್ಕೆ ಪ್ರತಿಕೂಲ ಆಯ್ಕೆ ಎನ್ನುತ್ತಾರೆ.

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಹಾಗಲ್ಲ. 2018ರ ಸೆಪ್ಟೆಂಬರ್ 23ರಂದು ಬಂದ ಈ ಯೋಜನೆಯಲ್ಲಿ ಬಡ ಕುಟುಂಬ ಕಂತು ಕಟ್ಟಬೇಕಿಲ್ಲ. ಕೇಂದ್ರ ತನ್ನ ಪಟ್ಟಿಗೆ 2011ರ ಸಾಮಾಜಿಕ-ಆರ್ಥಿಕ ಗಣತಿಯನ್ನು ಆಧಾರ ಮಾಡಿಕೊಂಡಿತು. ನಮ್ಮ ರಾಜ್ಯ ಅದಕ್ಕೆ ತನ್ನದೇ ಆರೋಗ್ಯ ಕರ್ನಾಟಕ ಯೋಜನೆಯನ್ನು ಸೇರಿಸಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಟ್ಟಿತು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ, ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ.

ಕಂತೇ ಇಲ್ಲ ಅಂದಮೇಲೆ ಎಲ್ಲರೂ ಬಳಸಬೇಕಿತ್ತು. ಇಲ್ಲಿ ಕೆಲಸದ ಸ್ವರೂಪ ಆದಾಯಕ್ಕಿಂತ ದೊಡ್ಡ ಅಂಶ ಅಂತ ನನ್ನ ಗಟ್ಟಿ ಅಭಿಪ್ರಾಯ. ವಿಜಯಪುರದ ತಾಂಡಾಗಳಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರನ್ನು ನೆನೆಸಿಕೊಳ್ಳಿ. ಊರಲ್ಲಿ ಕಾರ್ಡ್ ಮಾಡಿಸುವ ದಿನ ಅವರು ಇರುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ರೇಷನ್ ಕಾರ್ಡ್‌ನಲ್ಲೇ ಇರುತ್ತದೆ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯಬಹುದು. ಆದರೆ ಅದನ್ನು ಅವರಿಗೆ ಹೇಳುವವರು ಯಾರು? ಓದಿನ ಪ್ರಭಾವ ಕಾಣುವುದು ಇಲ್ಲೇ: ಯಾರನ್ನು, ಏನು ಕೇಳಬೇಕು ಅಂತ ಗೊತ್ತಿರಬೇಕು. ಓದು ಇಲ್ಲದ ಕಡೆ ಆಶಾ ಕಾರ್ಯಕರ್ತೆಯೋ, ಕಾರ್ಡ್ ಬಳಸಿ ಗುಣವಾಗಿ ಬಂದ ನೆರೆಯವರೋ ಆ ಕೆಲಸ ಮಾಡುತ್ತಾರೆ.

ಇನ್ನು ಖರ್ಚು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಹಳ್ಳಿಯಿಂದ ಬೆಳಗಾವಿಗೆ ಬಂದರೆ ಬಸ್ ಚಾರ್ಜು, ರೋಗಿಯ ಕೂಲಿ, ಜೊತೆಗೆ ಬಂದವರ ಕೂಲಿ ಎಲ್ಲ ಹೋಗುತ್ತದೆ. ಬಿಪಿ, ಶುಗರ್‌ಗೆ ದಿನಾ ನುಂಗುವ ಮಾತ್ರೆಗೆ ಕಾರ್ಡ್ ನಡೆಯುವುದಿಲ್ಲ, ಅದು ಮುಖ್ಯವಾಗಿ ಅಡ್ಮಿಟ್ ಆದಾಗಿನ ಖರ್ಚಿಗೆ. ಹಾಗಾಗಿ "ಇದರಿಂದ ಏನು ಉಪಯೋಗ?" ಅಂತ ಜನ ಕೇಳುವುದು ತಪ್ಪಲ್ಲ.

ಉತ್ತರದಲ್ಲಿ ಸಮೀಕ್ಷೆಯ ಅಂಕಿ ಬಳಸುವುದಾದರೆ, ಅದನ್ನು ಯಾವ ತಿಂಗಳಲ್ಲಿ ಮಾಡಿದ್ದು ಅಂತ ನೋಡಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮನೆ ಮನೆ ಸುತ್ತಿ ಬರೆದುಕೊಂಡಿದ್ದರೆ, ಬೀಗ ಹಾಕಿಕೊಂಡು ದುಡಿಯಲು ಹೋದ ಕುಟುಂಬಗಳು ಆ ಲೆಕ್ಕದಲ್ಲಿ ಬಿಟ್ಟುಹೋಗಿರುವ ಸಾಧ್ಯತೆ ಇದೆ.