ಲ್ಯಾಟಿನ್ ಉಳಿಸಬೇಕಾ? ಜನವರಿಯಲ್ಲೇ ಕೇಳಿ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಲ್ಯಾಟಿನ್ ಟೀಚರ್. ಮೇ ತಿಂಗಳು ಬಂದರೆ ಯಾವುದಾದರೂ ಊರಿನಿಂದ ಪೋಷಕರ ಫೋನ್ ಬರುತ್ತದೆ. "ಮೇಡಂ, ನಮ್ಮ ಸ್ಕೂಲಲ್ಲಿ ಲ್ಯಾಟಿನ್ ತೆಗೀತಾರಂತೆ, ಏನಾದ್ರೂ ಮಾಡೋಕಾಗುತ್ತಾ?" ಅಷ್ಟೊತ್ತಿಗೆ ಮಕ್ಕಳು ಮುಂದಿನ ವರ್ಷದ ವಿಷಯ ಆರಿಸಿ ಆಗಿರುತ್ತದೆ. ಟೈಮ್‌ಟೇಬಲ್ಲೂ ಹೆಚ್ಚುಕಡಿಮೆ ಸಿದ್ಧ.

ದುಡ್ಡಿನ ಬಿಕ್ಕಟ್ಟೇನೂ ಸುಳ್ಳಲ್ಲ. ಇಲ್ಲಿ ಶಾಲೆಗಳು ಬಹಳ ಮಟ್ಟಿಗೆ ಊರಿನ ಆಸ್ತಿ ತೆರಿಗೆ ಮೇಲೆ ನಿಂತಿವೆ. 1980ರಲ್ಲಿ ಮತದಾರರೇ ಒಪ್ಪಿದ ಕಾನೂನಿನಂತೆ, ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ ಊರಿನ ಒಟ್ಟು ತೆರಿಗೆ ವರ್ಷಕ್ಕೆ ಶೇ. 2.5ಕ್ಕಿಂತ ಜಾಸ್ತಿ ಏರುವಂತಿಲ್ಲ. ಏರಿಸಬೇಕೆಂದರೆ ಊರಿನವರ ಮತ ಕೇಳಬೇಕು. ಸಂಬಳ, ಇನ್ಶೂರೆನ್ಸ್, ಬಸ್ಸಿನ ಖರ್ಚು ಈ ಮಿತಿಗೆ ಕಾಯುತ್ತವಾ?

ಹೀಗಿರುವಾಗ ಕತ್ತರಿ ಎಲ್ಲಿ ಬೀಳುತ್ತದೆ ನೋಡಿ. ಹೆಚ್ಚಿನ ಕಡೆ ಐದು ಕ್ಲಾಸು ಸೇರಿದರೆ ಒಬ್ಬ ಟೀಚರ್ ಹುದ್ದೆ. ಲ್ಯಾಟಿನ್ 4ರಲ್ಲಿ, ಅಂದರೆ ನಾಲ್ಕನೇ ಹಂತದ ಕ್ಲಾಸಿನಲ್ಲಿ, ಒಂಬತ್ತೇ ಮಕ್ಕಳಿದ್ದಾರೆ ಅಂದುಕೊಳ್ಳಿ. ಅದನ್ನು ನಿಲ್ಲಿಸಿದರೆ ಒಂದು ಹುದ್ದೆಯ ಐದನೇ ಒಂದು ಭಾಗದ ಖರ್ಚು ಉಳಿಯುತ್ತದೆ, ನಿಜ. ಆದರೆ ಆ ಒಂಬತ್ತು ಮಕ್ಕಳ ಅಪ್ಪ-ಅಮ್ಮಂದಿರು ಮೀಟಿಂಗಿಗೆ ಬಂದು ಕೂರುತ್ತಾರೆ. ಅದಕ್ಕೇ ಆಡಳಿತದವರು ಲ್ಯಾಟಿನ್ 1ಕ್ಕೆ ಕೈ ಹಾಕುತ್ತಾರೆ. ಇನ್ನೂ ಸೇರದ ಮಕ್ಕಳ ಪರವಾಗಿ ಯಾರು ಬರುತ್ತಾರೆ?

ತಮಾಷೆ ಅಂದರೆ ಅಲ್ಲಿ ಉಳಿತಾಯವೇ ಕಡಿಮೆ. ಲ್ಯಾಟಿನ್ 1ಕ್ಕೆ ಬರಬೇಕಿದ್ದ 22 ಮಕ್ಕಳು ಮನೆಗೇನೂ ಹೋಗುವುದಿಲ್ಲ. ಒಂದು ಭಾಷೆ ಓದಲೇಬೇಕು, ಹಾಗಾಗಿ ಸ್ಪ್ಯಾನಿಷ್‌ಗೆ ಹೋಗುತ್ತಾರೆ. ಅಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಸೆಕ್ಷನ್ ತೆರೆಯಬೇಕು. ಬಜೆಟ್ ಹಾಳೆಯಲ್ಲಿ ಲ್ಯಾಟಿನ್ ಸಾಲು ಮಾತ್ರ ಚಿಕ್ಕದಾಗಿ ಕಾಣುತ್ತದೆ. ಮುಂದಿನ ವರ್ಷ ಲ್ಯಾಟಿನ್ 2ಕ್ಕೆ ಮಕ್ಕಳೇ ಇಲ್ಲ. ಅದಾದ ಮೇಲೆ "ಬೇಡಿಕೆ ಇಲ್ಲ" ಅಂತ ಬರೆದರೆ ಮುಗಿಯಿತು.

ದೇಶದ ಮಟ್ಟದಲ್ಲೂ ಹೀಗೇ ಆಯಿತು. 1958ರಲ್ಲಿ, ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮರುವರ್ಷ, ರಕ್ಷಣೆಯ ಹೆಸರಿನ ಶಿಕ್ಷಣ ಕಾನೂನು ಆಧುನಿಕ ಭಾಷೆಗಳಿಗೆ ಹಣ ಸುರಿಯಿತು. ಲ್ಯಾಟಿನ್ ಪಟ್ಟಿಯಲ್ಲಿ ಇರಲಿಲ್ಲ. 1962ರಲ್ಲಿ ಸರ್ಕಾರಿ ಹೈಸ್ಕೂಲುಗಳಲ್ಲಿ ಸುಮಾರು 7 ಲಕ್ಷ ಮಕ್ಕಳು ಲ್ಯಾಟಿನ್ ಓದುತ್ತಿದ್ದರು, 1976ಕ್ಕೆ ಸುಮಾರು ಒಂದೂವರೆ ಲಕ್ಷ. ಕಾರಣ ಅದೊಂದೇ ಅಲ್ಲ ಬಿಡಿ, ಆದರೆ ಯಾರೂ ಲ್ಯಾಟಿನ್ ನಿಷೇಧಿಸಿರಲಿಲ್ಲ. 1635ರಲ್ಲಿ ಶುರುವಾದ ಬಾಸ್ಟನ್ ಲ್ಯಾಟಿನ್ ಸ್ಕೂಲಿನಂಥ ಕಡೆ ಅದು ಶಾಲೆಯ ಗುರುತೇ ಆಗಿರುವುದರಿಂದ ಗಟ್ಟಿಯಾಗಿ ನಿಂತಿದೆ. ಸಾಮಾನ್ಯ ಊರಿನ ಶಾಲೆಗೆ ಆ ಭಾಗ್ಯ ಇಲ್ಲ.

ನಾವು ಮಾಡುವ ಉಪಾಯ ಮೇಲಿನ ಎರಡು ಕ್ಲಾಸು ಸೇರಿಸುವುದು. 3 ಮತ್ತು 4ನೇ ಹಂತದವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠ ವರ್ಷ ಬಿಟ್ಟು ವರ್ಷ ಬದಲಾಗುತ್ತದೆ, ಯಾರಿಗೂ ಓದಿದ್ದೇ ಮತ್ತೆ ಬರುವುದಿಲ್ಲ. ವೆಸೂವಿಯಸ್ ಜ್ವಾಲಾಮುಖಿ ಸಿಡಿದ ಬಗ್ಗೆ ರೋಮನ್ ಲೇಖಕ ಪ್ಲಿನಿ ಬರೆದ ಪತ್ರ ಓದಿಸುವಾಗ, ಹೊಗೆಯ ಮೋಡ ಪೈನ್ ಮರದ ಹಾಗೆ ಎದ್ದಿತು ಅನ್ನುವ ಸಾಲು ಬರುತ್ತದೆ. ಚಿಕ್ಕವರು ಪದ ಪದ ಬಿಡಿಸಿ, ಕ್ರಿಯಾಪದ ಹುಡುಕಿ ಅರ್ಥ ಹೇಳುತ್ತಾರೆ. ಕಾಂಡ ಯಾವುದು, ಕೊಂಬೆ ಯಾವುದು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಜಗಳ ಆಡುವವರು ದೊಡ್ಡವರು. ಟೀಚರ್‌ಗೆ ಕೆಲಸ ಜಾಸ್ತಿ, ಅದನ್ನು ಮುಚ್ಚಿಡಲ್ಲ. ಆದರೂ ಒಂದು ಕ್ಲಾಸಿನ ಖರ್ಚು ಉಳಿಯುತ್ತದೆ, ಲ್ಯಾಟಿನ್ 1 ಬದುಕುತ್ತದೆ.

ಕೆಲವರು "ಲ್ಯಾಟಿನ್ ಓದಿದವರಿಗೆ ಕಾಲೇಜು ಪ್ರವೇಶದ ಪರೀಕ್ಷೆ ಎಸ್‌ಎಟಿಯಲ್ಲಿ ಅಂಕ ಜಾಸ್ತಿ" ಅಂತ ವಾದಿಸುತ್ತಾರೆ. ನಾನು ಬಳಸಲ್ಲ. ಮೊದಲೇ ಚೆನ್ನಾಗಿ ಓದುವ ಮಕ್ಕಳು ಲ್ಯಾಟಿನ್ ಆರಿಸಿಕೊಂಡಿರಬಹುದಲ್ವಾ? ಇಲ್ಲಿನ ಕನ್ನಡದ ಮನೆಗಳವರು ಕೇಳುವುದು ಬೇರೆ: "ಡಾಕ್ಟರ್ ಆಗೋಕೆ ಲ್ಯಾಟಿನ್ ಬೇಕಾ?" ಬೇಡ ಅಂತಲೇ ಹೇಳುತ್ತೇನೆ. ಎರಡು ಸಾವಿರ ವರ್ಷ ಹಿಂದಿನವನ ಮಾತನ್ನು ಅವನ ಭಾಷೆಯಲ್ಲೇ ಓದುವ ಅವಕಾಶ ಬೇಕಿದ್ದರೆ ಸೇರಿಸಿ.

ಉಳಿಸಬೇಕು ಅನ್ನುವವರು ವಿಷಯ ಆರಿಸುವ ಫಾರ್ಮ್ ಬರುವ ಮೊದಲೇ, ಜನವರಿಯಲ್ಲಿ, ಪ್ರಿನ್ಸಿಪಾಲರನ್ನು ಕಾಣಿ. ಲ್ಯಾಟಿನ್ 1 ಆ ಫಾರ್ಮಿನಲ್ಲಿ ಇದೆಯಾ ಅಂತ ಕೇಳಿ. ಕ್ಲಾಸು ನಡೆಸಲು ಬೇಕಾದ ಕನಿಷ್ಠ ಮಕ್ಕಳ ಸಂಖ್ಯೆಯನ್ನು ಒಂದೊಂದು ಕ್ಲಾಸಿಗೆ ಲೆಕ್ಕ ಹಾಕದೆ, ನಾಲ್ಕೂ ಹಂತಗಳ ಸರಾಸರಿಯಾಗಿ ಹಾಕಿ ಅನ್ನಿ. ಒಪ್ಪಿದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಪ್ರಿನ್ಸಿಪಾಲರು ಬದಲಾಗುತ್ತಿರುತ್ತಾರೆ.